ಸಹಾಯ ಬೇಕು: ಕರೆಂಟ್ ಹೋದಾಗ ರಾಸ್ಪ್‌ಬೆರಿ ಪೈ ಕಾರ್ಡ್ ಕೆಡುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು, ಮೊದಲ ಪಿಯುಸಿ ಓದುತ್ತಿದ್ದೇನೆ. ನಮ್ಮ ಅಜ್ಜ ದಿನಾ ಬೆಳಿಗ್ಗೆ 8:30ಕ್ಕೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಈಗ ಪಾಚಿ ಕಟ್ಟಿದ ಅಂಗಳಕ್ಕೆ ಇಳಿಯುವುದು ಅವರಿಗೆ ಕಷ್ಟ. ಅದಕ್ಕೇ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರಿಗೆ ಮಳೆಮಾಪಕ ಜೋಡಿಸಿದೆ. ಒಳಗಿನ ಪುಟ್ಟ ತೊಟ್ಟಿ ತುಂಬಿ ಟಕ್ ಅಂತ ಮಗುಚಿದಾಗೆಲ್ಲ ಪೈಥಾನ್ ಪ್ರೋಗ್ರಾಮ್ ಎಣಿಸಿ ಫೈಲಿಗೆ ಬರೆಯುತ್ತದೆ.

ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಅಲ್ವಾ? ಬರೆಯುವ ಹೊತ್ತಿಗೇ ಹೋದರೆ ಪೈಯ ಸಾಫ್ಟ್‌ವೇರ್, ಫೈಲ್ ಎಲ್ಲ ಇರುವ ಮೈಕ್ರೋ ಎಸ್‌ಡಿ ಕಾರ್ಡ್ ಕೆಡುತ್ತದೆ. ಈ ತಿಂಗಳು ಮೂರು ಸಲ ಎಲ್ಲ ಹೊಸದಾಗಿ ಹಾಕಿದೆ. ಮೊದಲು ಮೊಬೈಲ್ ಚಾರ್ಜರ್ ಇತ್ತು, ಪರದೆಯ ಮೂಲೆಯಲ್ಲಿ ವೋಲ್ಟೇಜ್ ಕಮ್ಮಿ ಅನ್ನುವ ಮಿಂಚಿನ ಗುರುತು ಬರುತ್ತಿತ್ತು. 5 ವೋಲ್ಟ್ 2.5 ಆಂಪಿಯರ್ ಅಡಾಪ್ಟರ್ ತಂದ ಮೇಲೆ ಅದು ನಿಂತಿತು. ಓವರ್‌ಲೇ ಅನ್ನುವ ಸೆಟ್ಟಿಂಗ್ ಹಾಕಿ, ಎಲ್ಲವೂ ಕರೆಂಟ್ ಇರುವವರೆಗೆ ಮಾತ್ರ ಉಳಿಯುವ ಮೆಮೊರಿಗೆ ಹೋಗಿ ಕಾರ್ಡಿಗೆ ಏನೂ ಬರೆಯದಂತೆಯೂ ಮಾಡಿ ನೋಡಿದೆ. ಕಾರ್ಡ್ ಉಳಿಯಿತು, ಆದರೆ ಅವತ್ತಿನ ಲೆಕ್ಕ ಪೂರ್ತಿ ಹೋಯಿತು. ಅಜ್ಜನ ಪುಸ್ತಕದಲ್ಲಿ ಆ ಸಾಲು ಖಾಲಿ ಉಳಿದದ್ದು ನೋಡಿ ತುಂಬಾ ಬೇಜಾರಾಯಿತು.

ಕರೆಂಟ್ ಹೋದರೂ ಪೈ ನಡೆಯುವಂತೆ 18650 ಸೆಲ್ (ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ) ಹಾಕುವ ಯುಪಿಎಸ್ ಬೋರ್ಡ್ ತಗೊಳ್ಳಲಾ, ಅಥವಾ ಪೈ ಬಿಟ್ಟು ಕಮ್ಮಿ ಕರೆಂಟಲ್ಲಿ ನಡೆಯುವ ಇಎಸ್‌ಪಿ32 ಚಿಪ್ ಬೋರ್ಡ್ ಹಿಡಿಯಲಾ? ಸಾವಿರ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಲು ನನಗೆ ಆಗುವುದಿಲ್ಲ. ಮಲೆನಾಡಲ್ಲಿ ಇಂಥದ್ದು ಮಾಡಿದ ಅಣ್ಣಂದಿರು, ಅಕ್ಕಂದಿರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ವೈರಿಂಗ್ ಫೋಟೋ ಕೇಳಿದರೆ ಇವತ್ತೇ ಹಾಕುತ್ತೇನೆ.