ಬಡಾವಣೆ ಮಾಡುವ ಸೋದರಮಾವನ ವ್ಯವಹಾರಕ್ಕೆ ಸೇರಬೇಕೇ? ಈ ಕಸುಬಿನ ಒಳಗನ್ನು ಕಂಡವರು ತಿಳಿಸಿ

ಮದ್ದೂರಿನ ಎಂಜಿನಿಯರ್:

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆಯವನು. ಸಿವಿಲ್ ಎಂಜಿನಿಯರಿಂಗ್ ಓದಿ, ಎಂಟು ವರ್ಷಗಳಿಂದ ಬೆಂಗಳೂರಿನ ಒಂದು ನಿರ್ಮಾಣ ಸಂಸ್ಥೆಯಲ್ಲಿದ್ದೇನೆ. ನನ್ನ ಸೋದರಮಾವನವರು ಮೈಸೂರಿನಲ್ಲಿ 28 ವರ್ಷಗಳಿಂದ ಬಡಾವಣೆ ಮಾಡಿ ನಿವೇಶನ ಮಾರುವ ವ್ಯವಹಾರದಲ್ಲಿದ್ದಾರೆ. ಮೊದಲು ಅವರದು ಸಿಮೆಂಟು, ಕಬ್ಬಿಣದ ಅಂಗಡಿ. ಸಾಲದಲ್ಲಿ ಕಬ್ಬಿಣ ಒಯ್ದಿದ್ದ ರೈತರೊಬ್ಬರು ಬಾಕಿ ತೀರಿಸಲಾಗದೆ ಹತ್ತು ಗುಂಟೆ ಬರೆದುಕೊಟ್ಟಾಗ ಈ ದಾರಿ ಹಿಡಿದರೆಂದು ಮನೆಯಲ್ಲಿ ಹೇಳುತ್ತಾರೆ. ಇದುವರೆಗೆ ಆರು ಬಡಾವಣೆ, ಒಂದು ಸಣ್ಣ ಅಪಾರ್ಟ್‌ಮೆಂಟು ಮುಗಿಸಿದ್ದಾರೆ.

ಈಗ ಅವರಿಗೆ 64 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಮಕ್ಕಳಿಬ್ಬರೂ ಹೊರದೇಶದಲ್ಲಿ ನೆಲೆಸಿದ್ದಾರೆ. ಹೊರವರ್ತುಲ ರಸ್ತೆಯ ಆಚೆ 5 ಎಕರೆ 20 ಗುಂಟೆಯ ಬಡಾವಣೆಯೊಂದು ಅರ್ಧಕ್ಕೆ ನಿಂತಿದ್ದು, ಅದನ್ನು ಮುಗಿಸಿಕೊಡು, ಆಮೇಲೆ ವ್ಯವಹಾರವನ್ನು ನೀನೇ ನೋಡಿಕೊ ಎಂದು ಒಂದು ವರ್ಷದಿಂದ ಕರೆಯುತ್ತಿದ್ದಾರೆ. ಹೊರಗಿನಿಂದ ನೋಡುವವರಿಗೆ ಅವರ ಬಿಳಿ ಅಂಗಿ, ಕಾರು, ಊರಿನ ಮದುವೆಗಳಲ್ಲಿ ಸಿಗುವ ಮುಂದಿನ ಸಾಲಿನ ಕುರ್ಚಿ ಕಾಣುತ್ತವೆ. ನನಗೆ ಕಂಡದ್ದೆಂದರೆ, ಊಟಕ್ಕೆ ಕುಳಿತಾಗ ಅವರು ಫೋನನ್ನು ತಟ್ಟೆಯ ಪಕ್ಕ ಬೋರಲು ಹಾಕಿ ಇಡುತ್ತಾರೆ, ಅದು ಅದುರಿದಾಗಲೆಲ್ಲ ಕೈ ಅನ್ನದ ಮೇಲೆಯೇ ನಿಲ್ಲುತ್ತದೆ. ತಿಂಗಳ ಸಂಬಳ ಬಿಟ್ಟು ಇದಕ್ಕೆ ಇಳಿಯಬಹುದೇ? ಹಣ ಇದರಲ್ಲಿ ಹೇಗೆ ಓಡಾಡುತ್ತದೆ? ಕೊನೆಯದಾಗಿ, ಸುಳ್ಳು ಹೇಳದೆ ಮಾಡಬಹುದಾದ ಕೆಲಸವೇ ಇದು? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕುವೆಂಪುನಗರದವರು:

ನಾನು 22 ವರ್ಷಗಳಿಂದ ಇದೇ ಕಸುಬಿನಲ್ಲಿದ್ದೇನೆ. ನಿಮ್ಮ ಮಾವನವರಷ್ಟು ಮಾಡಿಲ್ಲ, ನಾಲ್ಕು ಬಡಾವಣೆ ಮಾತ್ರ. ನೀವು ಎಂಜಿನಿಯರ್ ಆದ್ದರಿಂದ ರಸ್ತೆ, ಚರಂಡಿ, ಒಳಚರಂಡಿ, ಕರೆಂಟು ಕಂಬ, ಇವೇ ಕೆಲಸವೆಂದು ತಿಳಿದಿರಬಹುದು. ಅವನ್ನು ಗುತ್ತಿಗೆದಾರ ಎಂಟು ಹತ್ತು ತಿಂಗಳಲ್ಲಿ ಮುಗಿಸಿಕೊಡುತ್ತಾನೆ. ಉಳಿದ ನಾಲ್ಕೈದು ವರ್ಷಗಳಲ್ಲಿ ನಾವು ಮಾಡುವುದು ರುಜು ಕೂಡಿಸುವ ಕೆಲಸ.

ಮೊದಲು ಲೆಕ್ಕ ನೋಡಿ. ಒಂದು ಎಕರೆಗೆ 43,560 ಚದರ ಅಡಿ, 30×40ರ ಒಂದು ನಿವೇಶನಕ್ಕೆ 1,200. ಹಾಗಾಗಿ ಐದೂವರೆ ಎಕರೆಯನ್ನು ಕಂಡವರೆಲ್ಲ ಇನ್ನೂರು ಸೈಟು ಎಂದು ಗುಣಿಸಿ ನಿಮ್ಮ ಮಾವನವರನ್ನು ಕೋಟ್ಯಧೀಶರನ್ನಾಗಿ ಮಾಡುತ್ತಾರೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಬಿಟ್ಟುಕೊಟ್ಟ ಮೇಲೆ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, ಎಂದರೆ ನೂರು. ಜಮೀನಿನ ಮಾಲೀಕರೊಂದಿಗೆ ಅರ್ಧರ್ಧದ ಜಂಟಿ ಅಭಿವೃದ್ಧಿ ಕರಾರಾಗಿದ್ದರೆ ಐವತ್ತು. ಆ ಐವತ್ತರಲ್ಲಿ ಪೂರ್ವ ದಿಕ್ಕಿನವೂ ಮೂಲೆಯವೂ ಮೊದಲ ವಾರದಲ್ಲೇ ಹೋಗುತ್ತವೆ. ದಕ್ಷಿಣ ದಿಕ್ಕಿನವು ನಮ್ಮ ಮಕ್ಕಳ ಮದುವೆಯವರೆಗೂ ಉಳಿದಿರುತ್ತವೆ.

ಇನ್ನು ಹಣ. ಬರಿಯ ಜಮೀನು ಕೊಳ್ಳುವುದಕ್ಕೆ ಖಾಸಗಿ ಬಿಲ್ಡರುಗಳಿಗೆ ಬ್ಯಾಂಕುಗಳು ಸಾಲ ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದ್ದರಿಂದ ನಮ್ಮಂತಹ ಸಣ್ಣವರು ಮಾಲೀಕರೊಂದಿಗೆ ಕರಾರಿಗೆ ಹೋಗುತ್ತೇವೆ, ಇಲ್ಲವೇ ನೆಂಟರಿಂದ, ಸ್ನೇಹಿತರಿಂದ, ಕೈಬಡ್ಡಿಯವರಿಂದ ತರುತ್ತೇವೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ಕೇಳುವುದಕ್ಕೆ ಹಗುರವಾಗಿದೆ. ಭೂಪರಿವರ್ತನೆ, ನಕ್ಷೆ ಅನುಮೋದನೆ, ನಿವೇಶನಗಳ ಹಂತಹಂತದ ಬಿಡುಗಡೆ ಎಂದು ಮೂರು ವರ್ಷ ಕಳೆದರೆ ನೂರಕ್ಕೆ 72 ರೂಪಾಯಿ ಬಡ್ಡಿಯೇ ಆಯಿತು. ಮೊದಲೆಲ್ಲ ಮುಂಗಡ ಹಣದಿಂದಲೇ ಬಡಾವಣೆ ಎಬ್ಬಿಸುತ್ತಿದ್ದರು, ಒಂದರ ಅಡ್ವಾನ್ಸಿನಿಂದ ಇನ್ನೊಂದರ ಜಮೀನು ಹಿಡಿಯುತ್ತಿದ್ದರು. 2016ರ ರೇರಾ, ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಬಂದ ಮೇಲೆ, 500 ಚದರ ಮೀಟರಿಗೆ ಮೀರಿದ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತೆಯೇ ಇಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಕರಾರು ನೋಂದಣಿಯಾಗುವ ಮೊದಲು ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ನಮ್ಮವರು ಇದನ್ನು ಬೈಯುತ್ತಾರೆ. ನನಗಂತೂ ರಾತ್ರಿ ನಿದ್ದೆ ಬರತೊಡಗಿದ್ದು ಅದರ ನಂತರವೇ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. 2019ರಲ್ಲಿ ಮೂರು ಎಕರೆಗೆ ನಾಲ್ವರು ಅಣ್ಣತಮ್ಮಂದಿರೊಂದಿಗೆ ಕರಾರು ಮಾಡಿಕೊಂಡೆ. ಪಹಣಿಯಲ್ಲಿ ನಾಲ್ವರದೇ ಹೆಸರು, ಋಣಭಾರ ಪತ್ರ ಸ್ವಚ್ಛ, ಪಾಲುಪಟ್ಟಿಯೂ ಇತ್ತು, ಆದರೆ ನೋಂದಣಿಯಾಗಿರಲಿಲ್ಲ. ಚಾಮರಾಜನಗರದ ಕಡೆಗೆ ಕೊಟ್ಟಿದ್ದ ಅಕ್ಕನ ಮಾತು ಬಂದಾಗ, ಅವಳಿಗೆ ಮದುವೆಯಲ್ಲೇ ಒಡವೆ ಕೊಟ್ಟು ಮುಗಿಸಿದ್ದೇವೆ ಎಂದರು. ನಾನೂ ತಲೆಯಾಡಿಸಿದೆ. ಆ ತಪ್ಪು ನನ್ನದು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿತ್ತು. ತಂದೆ ಅಂದು ಬದುಕಿದ್ದರೇ ಇಲ್ಲವೇ ಎಂಬುದು ಅದಕ್ಕೆ ಅಡ್ಡಿಯಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಎರಡೇ ತಿಂಗಳಲ್ಲಿ ಆಕೆಯ ವಕೀಲರ ನೋಟಿಸು ನನ್ನ ಬಾಗಿಲಿಗೆ ಬಂತು.

ಮೂರು ಸಲ ಅವರ ಮನೆಗೆ ಹೋದೆ. ಮೊದಲ ಸಲ ಬಾಗಿಲಲ್ಲೇ ಮಾತು ಮುಗಿಯಿತು. ಎರಡನೆಯ ಸಲ ಅವರ ಮಗ ಮಾತನಾಡಿದ. ಮೂರನೆಯ ಸಲ ಕಾಫಿ ಕೊಟ್ಟು, ಲೋಟ ಕೆಳಗಿಡುವವರೆಗೂ ಸುಮ್ಮನಿದ್ದು, ‘ಬಾವಿ ಹತ್ತಿರ ಒಂದು ಹುಣಸೆಮರ ಇತ್ತಲ್ಲ, ಇದೆಯೋ?’ ಎಂದು ಕೇಳಿದರು. ಮರ ರಸ್ತೆಗೆ ಅಡ್ಡ ಬರುತ್ತಿತ್ತೆಂದು ಹಿಂದಿನ ಬೇಸಿಗೆಯಲ್ಲೇ ಕಡಿಸಿದ್ದೆ, ಹಾಗೆಯೇ ಹೇಳಿದೆ. ಆಕೆ ರುಜು ಹಾಕಿದ್ದು ಅದಾದ ಹದಿನಾಲ್ಕು ತಿಂಗಳಿಗೆ, ಅಂದಿನ ಮಾರುಕಟ್ಟೆ ದರಕ್ಕೆ. ಆ ಬಡಾವಣೆಯಲ್ಲಿ ನನಗೆ ಉಳಿದದ್ದು ಎರಡು ದಕ್ಷಿಣ ದಿಕ್ಕಿನ ಸೈಟುಗಳು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಮೈಸೂರಿನವರಿಗೆ ಬಡಾವಣೆ ಎಂದರೆ ಹೇಗಿರಬೇಕೆಂಬ ಕಲ್ಪನೆ ಹಳೆಯದು. ಪ್ಲೇಗಿನ ಕಾಲದಲ್ಲಿ ಇಕ್ಕಟ್ಟಾದ ಓಣಿಗಳ ಗತಿ ಕಂಡು, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿದ ಊರು ಇದು. ಇವತ್ತಿಗೂ ಸೈಟು ನೋಡಲು ಬಂದ ಹಿರಿಯರು ರಸ್ತೆಯ ನಡುವೆ ನಿಂತು ಹೆಜ್ಜೆ ಹಾಕಿ ಅಗಲ ಅಳೆಯುತ್ತಾರೆ. ಮುಂದಿನ ಪ್ರಶ್ನೆ ‘ಮುಡಾ ಅಪ್ರೂವ್ಡಾ?’, ಎಂದರೆ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದೆಯೇ ಎಂಬುದು. ಇಲ್ಲ ಎನ್ನಬೇಕಾದಾಗ ‘ಆಗುತ್ತದೆ’ ಎನ್ನುವುದೇ ನಮ್ಮ ಕಸುಬಿನ ಸುಳ್ಳು. ಕಂದಾಯ ಭೂಮಿಯನ್ನು ಪರಿವರ್ತನೆ, ಅನುಮೋದನೆ ಇಲ್ಲದೆ ಹಾಗೆಯೇ ತುಂಡು ಮಾಡಿ ಮಾರಿದವರೆಲ್ಲ ಆ ಒಂದು ಪದದ ಮೇಲೆ ಬದುಕಿದರು. ಅದನ್ನು ಹೇಳದೆಯೂ ಕಸುಬು ಮಾಡಬಹುದು. ಲಾಭ ಕಡಿಮೆ, ಸಮಯ ಹೆಚ್ಚು.

ನಿವೃತ್ತ ಭೂಮಾಪಕ, ಮಂಡ್ಯ:

ಮೇಲಿನವರು ರುಜುವಿನ ಬಗ್ಗೆ ಬರೆದಿದ್ದಾರೆ, ನಾನು ನೆಲದ ಬಗ್ಗೆ ಬರೆಯುತ್ತೇನೆ. ನಮ್ಮ ಸರಪಳಿಗೆ 33 ಅಡಿ ಉದ್ದ, 33ಕ್ಕೆ 33 ಆದರೆ ಒಂದು ಗುಂಟೆ, ಒಂದು ಗುಂಟೆಗೆ 16 ಆಣೆ. ಆಣೆ ಲೆಕ್ಕದಲ್ಲಿ ಅಳೆದ ನೆಲವನ್ನು ಇಂದು ಚದರ ಅಡಿ ಲೆಕ್ಕದಲ್ಲಿ ಮಾರುವಾಗ ನಡುವೆ ಬರುವ ಎಡವಟ್ಟುಗಳನ್ನು ಬಿಡಿಸುವುದರಲ್ಲೇ ನನ್ನ ನೌಕರಿ ಮುಗಿಯಿತು.

ಪಹಣಿಯ ವಿಸ್ತೀರ್ಣದ ಕೆಳಗೆ ಖರಾಬು ಎಂಬ ಸಾಲಿರುತ್ತದೆ, ಅದನ್ನು ಓದದೆ ಅಡ್ವಾನ್ಸು ಕೊಟ್ಟವರನ್ನು ಎಷ್ಟೋ ಮಂದಿ ನೋಡಿದ್ದೇನೆ. ‘ಅ’ ಖರಾಬು ಸಾಗುವಳಿಗೆ ಬಾರದ ಬಂಡೆ, ಗುಂಡಿ. ‘ಬ’ ಖರಾಬು ಹಳ್ಳ, ಬಂಡಿದಾರಿಯಂತಹ ಸಾರ್ವಜನಿಕರ ಜಾಗ. ರೈತ ಅದರ ಮೇಲೆ ಮೂರು ತಲೆಮಾರು ಹುರುಳಿ ಬಿತ್ತಿದ್ದರೂ ಅದು ಅವನದಲ್ಲ, ಮಾರಲು ಬರುವುದೂ ಇಲ್ಲ. ಆಕಾರಬಂದು (ವಿಸ್ತೀರ್ಣದ ಮೂಲ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ತರಿಸಿ, ಹದ್ದುಬಸ್ತು, ಎಂದರೆ ಗಡಿ ಅಳತೆ ಮಾಡಿಸಿ, ಕಲ್ಲು ನೆಟ್ಟ ಮೇಲೆ ಮಾತ್ರ ನಕ್ಷೆ ಬರೆಸಿ.

ನಮ್ಮ ಮಂಡ್ಯದ ಕಡೆ ಇನ್ನೊಂದು ತೊಡಕಿದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆಯನ್ನು ಮಣ್ಣು ತುಂಬಿ ಎತ್ತರಿಸಿ ಸೈಟು ಮಾಡುವಾಗ, ಗದ್ದೆಯಿಂದ ಗದ್ದೆಗೆ ನೀರು ಹೋಗುವ ಮೊಳಕಾಲುದ್ದದ ಕಾಲುವೆಯೊಂದನ್ನು ಮುಚ್ಚಿಬಿಡುತ್ತಾರೆ. ಬೇಸಿಗೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ನಾಲೆಗೆ ನೀರು ಬಿಟ್ಟ ಮೂರನೆಯ ದಿನ ಹೊಸ ಮನೆಯ ಸಂಪಿನಲ್ಲಿ ಊಟೆ ಏಳುತ್ತದೆ, ಕೆಳಗಿನ ಗದ್ದೆಯವನು ಸನಿಕೆ ಹಿಡಿದು ಬರುತ್ತಾನೆ. ಅವನು ಬಂದದ್ದರಲ್ಲಿ ತಪ್ಪೇನೂ ಇಲ್ಲ. ನೀವು ಎಂಜಿನಿಯರ್, ಇಂತಹ ಕಡೆ ಒಂದು ಪೈಪು ಹಾಕಿಸಿಬಿಡುವಷ್ಟು ಕಣ್ಣು ನಿಮಗಿದ್ದೇ ಇರುತ್ತದೆ.

ಸರಸ್ವತಿಪುರಂನ ಗೃಹಿಣಿ:

ನಮ್ಮ ಯಜಮಾನರೂ ಇದೇ ವ್ಯವಹಾರದಲ್ಲಿದ್ದವರು, ಆದ್ದರಿಂದ ಬರೆಯುತ್ತಿದ್ದೇನೆ. ಮದುವೆಯಾದ ಹೊಸತರಲ್ಲಿ ವರ್ಷಕ್ಕೊಂದು ತಿಂಗಳು, ಆಷಾಢದಲ್ಲಿ, ಅವರು ಮನೆಯಲ್ಲಿರುತ್ತಿದ್ದರು. ಆ ತಿಂಗಳು ಯಾರೂ ರಿಜಿಸ್ಟರ್ ಮಾಡಿಸುವುದಿಲ್ಲ, ಟೋಕನ್ ಹಣವನ್ನೂ ಕೊಡುವುದಿಲ್ಲ. ಜನವೆಲ್ಲ ಬೆಟ್ಟಕ್ಕೆ ಹೋದರೆ ನಮ್ಮವರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಬಡ್ಡಿಗೆ ಮಾತ್ರ ಆಷಾಢವಿಲ್ಲ ಎಂಬುದು ನನಗೆ ತಿಳಿದದ್ದು, ಬಳೆ ಬ್ಯಾಂಕಿಗೆ ಹೋದಾಗ. 2016ರ ನವೆಂಬರಿನಲ್ಲಿ ನೋಟು ರದ್ದಾದ ಮೇಲೆ ಆರು ತಿಂಗಳು ಒಂದೂ ಸೈಟು ಹೋಗಲಿಲ್ಲ. ಅಡ್ವಾನ್ಸು ಕೊಟ್ಟಿದ್ದವರು ಭಾನುವಾರ ಬೆಳಿಗ್ಗೆಯೇ ಬಂದು ಕೂರುತ್ತಿದ್ದರು. ಅವರಿಗೂ ಮಗಳ ಮದುವೆಯಿತ್ತು, ಮಗನ ಫೀಸಿತ್ತು. ಉಪ್ಪಿಟ್ಟು ಮಾಡಿ ಕೊಡುತ್ತಿದ್ದೆ, ಬೈದುಕೊಂಡೇ ತಿನ್ನುತ್ತಿದ್ದರು.

ನೆಂಟರ ಹಣ ಮಾತ್ರ ತರಬೇಡಿ, ತಮ್ಮಾ. ನನ್ನ ತಂಗಿಯ ಗಂಡನಿಗೆ ಕೊಡಬೇಕಾದದ್ದನ್ನು ಬಡ್ಡಿಸಹಿತ ತೀರಿಸಿ ಏಳು ವರ್ಷವಾಯಿತು. ಇಂದಿಗೂ ಗೌರಿ ಹಬ್ಬದ ಬಾಗಿನವನ್ನು ಅವಳು ಮಗನ ಕೈಯಲ್ಲಿ ಕಳುಹಿಸುತ್ತಾಳೆ.

ವಕೀಲರು, ಕೃಷ್ಣಮೂರ್ತಿಪುರಂ:

ಕಾನೂನಿನ ಎರಡು ಮಾತು. ಮಾವನವರ ಸಂಸ್ಥೆ ಪಾಲುದಾರಿಕೆಯದಾಗಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ 31ನೆಯ ಕಲಮಿನಂತೆ, ಹೊಸದಾಗಿ ಸೇರಿದವರು ತಾವು ಸೇರುವ ಮೊದಲಿನ ವ್ಯವಹಾರಗಳಿಗೆ ಹೊಣೆಯಾಗುವುದಿಲ್ಲ. ಆದರೆ ಸೇರಿದ ಮೇಲೆ ಹಳೆಯ ಸಾಲದ ನವೀಕರಣಕ್ಕೆ ರುಜು ಹಾಕಿದರೆ ಅದು ನಿಮ್ಮದೇ ಸಾಲ. ಎರಡನೆಯದು, ಜಮೀನು ಎಂದಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ಮೂಲ ದಾಖಲೆಯವರೆಗೆ ಹೋಗಿ ನೋಡಿ. 1978ರ ಕಾಯ್ದೆಯಡಿ ಸರ್ಕಾರದ ಪೂರ್ವಾನುಮತಿಯಿಲ್ಲದ ಅಂತಹ ಮಾರಾಟ ಅಸಿಂಧು. ಅರ್ಜಿ ಹಾಕುವುದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ನಡುವೆ ಹತ್ತು ಕೈ ಬದಲಾಗಿದ್ದರೂ ರಕ್ಷಣೆಯಿಲ್ಲ. ಹಾಗೆಯೇ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಂಡೆವು ಎನ್ನುವವರ ಕಾಗದವನ್ನು ಮಾಲೀಕತ್ವವೆಂದು ನಂಬಬೇಡಿ, 2011ರಲ್ಲೇ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿದೆ.

ಮದ್ದೂರಿನ ಎಂಜಿನಿಯರ್:

ಎಲ್ಲರಿಗೂ ಋಣಿ. ಕಳೆದ ಭಾನುವಾರ ಮಾವನವರ ಮನೆಗೆ ಹೋಗಿ, ನಿಂತುಹೋದ ಬಡಾವಣೆಯ ಕಡತ ನೋಡಬೇಕೆಂದೆ. ಬೀರುವಿನಿಂದ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ತಂದು ಮುಂದಿಟ್ಟರು. ಖರಾಬು ಆರು ಗುಂಟೆ, ನಕ್ಷೆಯಲ್ಲಿ ಬಿಟ್ಟಿದ್ದಾರೆ. ಮಂಜೂರಾತಿ ಜಮೀನಲ್ಲ. ನಾನು ಕೇಳುವವರೆಗೆ ಕಾಯದೆ, ಇಬ್ಬರಿಂದ ಕೈಬಡ್ಡಿಗೆ ತಂದ ಹಣದ ಲೆಕ್ಕವನ್ನೂ ಹಾಳೆಯ ಮೇಲೆ ಬರೆದು ತೋರಿಸಿದರು. ವಂಶವೃಕ್ಷದಲ್ಲಿ ಹನ್ನೊಂದು ಮಂದಿ ವಾರಸುದಾರರಿದ್ದು, ಒಂಬತ್ತು ಮಂದಿಯ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಉಳಿದಿಬ್ಬರೂ ಅಕ್ಕತಂಗಿಯರು. ಒಬ್ಬರು ಪಾಂಡವಪುರದ ಕಡೆ, ಇನ್ನೊಬ್ಬರು ಕೆ.ಆರ್. ಪೇಟೆಯಲ್ಲಿ. ಅವರಿಬ್ಬರನ್ನೂ ಇದುವರೆಗೆ ಬ್ರೋಕರು ಹೋಗಿ ಕಂಡಿದ್ದಾನೆಯೇ ಹೊರತು ಮಾವನವರು ಹೋಗಿಲ್ಲ.

ಕೆಲಸವನ್ನು ಸದ್ಯಕ್ಕೆ ಬಿಟ್ಟಿಲ್ಲ, ಒಂದು ತಿಂಗಳು ರಜೆ ಹಾಕಿದ್ದೇನೆ. ಬರುವ ಭಾನುವಾರ ಇಬ್ಬರೂ ಪಾಂಡವಪುರಕ್ಕೆ ಹೊರಟಿದ್ದೇವೆ. ಕಾರು ಬೇಡ, ಬಸ್ಸಿನಲ್ಲೇ ಹೋಗೋಣ ಎಂದು ಮಾವನವರು ಹೇಳಿದ್ದಾರೆ.