ಗಂಟು ಹಾಕಿ ನೇಯ್ದ ರತ್ನಗಂಬಳಿ: ತಯಾರಿಕೆ ಹೇಗೆ, ಬೆಲೆಯಲ್ಲಿ ಇಷ್ಟು ಅಂತರ ಏಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗಳ ಹೊಸ ಮನೆಯ ನಡುಮನೆಗೆಂದು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ರತ್ನಗಂಬಳಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಅಂಗಡಿಯೊಂದರಲ್ಲಿ ಒಂದೇ ಅಳತೆಯ, ನೋಡಲು ಹೆಚ್ಚುಕಡಿಮೆ ಒಂದೇ ತೆರನಾದ ಎರಡು ಗಂಬಳಿಗಳನ್ನು ಹಾಸಿ ತೋರಿಸಿ, ಎರಡೂ ಕೈಯಿಂದಲೇ ಮಾಡಿದವು ಎಂದರು. ಆದರೆ ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟಿಗಿಂತ ಹೆಚ್ಚು. ದುಬಾರಿಯದ್ದು ಕಾಶ್ಮೀರದ್ದೆಂದೂ ಅದನ್ನು ನೇಯಲು ಆರು ತಿಂಗಳು ಹಿಡಿದಿದೆಯೆಂದೂ ಹೇಳಿದರು. ಇಷ್ಟು ಚಿಕ್ಕ ಗಂಬಳಿಗೆ ಅಷ್ಟು ಸಮಯ ನಿಜವಾಗಿಯೂ ಬೇಕೇ? ಎರಡೂ ಕೈಕೆಲಸವೇ ಆಗಿದ್ದರೆ ಈ ಅಂತರ ಎಲ್ಲಿಂದ ಬರುತ್ತದೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಆರು ತಿಂಗಳು ಎಂಬುದು ಉತ್ಪ್ರೇಕ್ಷೆಯಲ್ಲ. ಗಂಟು ಹಾಕಿ ನೇಯುವ ಗಂಬಳಿಯಲ್ಲಿ ಮೊದಲು ಮಗ್ಗದ ಮೇಲಿನ ಮತ್ತು ಕೆಳಗಿನ ದಿಂಡುಗಳ ನಡುವೆ ಹತ್ತಿಯ ಹಾಸು ನೂಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಆ ಬಳಿಕ ನೇಕಾರರು ಬಣ್ಣದ ಉಣ್ಣೆಯ ಅಥವಾ ರೇಷ್ಮೆಯ ಎಳೆಯನ್ನು ಹಾಸಿನ ಒಂದು ನೂಲಿಗೆ ಪೂರ್ತಿ ಸುತ್ತಿ, ಪಕ್ಕದ ನೂಲಿನ ಹಿಂದಿನಿಂದ ಎಳೆದು ಮುಂದಕ್ಕೆ ತಂದು, ಕೆಳಕ್ಕೆ ಜಗ್ಗಿ ಬಿಗಿಗೊಳಿಸಿ, ಕೈಯಲ್ಲಿರುವ ಕತ್ತಿಯಿಂದ ತುದಿಯನ್ನು ಕತ್ತರಿಸುತ್ತಾರೆ. ಅಲ್ಲಿಗೆ ಒಂದು ಗಂಟು ಮುಗಿಯಿತು. ಕಾಶ್ಮೀರದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಪರ್ಷಿಯನ್ ಗಂಟು. ಟರ್ಕಿಯ ಗಂಟಿನಲ್ಲಿ ಎಳೆಯು ಎರಡೂ ನೂಲುಗಳನ್ನು ಸುತ್ತಿ ಅವುಗಳ ನಡುವಿನಿಂದ ಹೊರಬರುತ್ತದೆ. ಹೀಗೆ ಒಂದು ಸಾಲು ತುಂಬಿದ ಮೇಲೆ ಅಡ್ಡಲಾಗಿ ಹೊಕ್ಕು ನೂಲನ್ನು ಹಾಯಿಸಿ, ಪಂಜಾ ಎಂಬ ಹಲ್ಲುಗಳಿರುವ ಉಪಕರಣದಿಂದ ಬಡಿದು ಸಾಲನ್ನು ಕೆಳಕ್ಕೆ ಕೂರಿಸುತ್ತಾರೆ.

ಈಗ ಲೆಕ್ಕ ಹಾಕಿ. ಅಂಗುಲವೊಂದಕ್ಕೆ ಉದ್ದದಲ್ಲಿ 18, ಅಗಲದಲ್ಲಿ 18 ಗಂಟುಗಳೆಂದರೆ ಚದರ ಅಂಗುಲಕ್ಕೆ 324 ಆಯಿತು. ನೀವು ಹೇಳಿದ ಅಳತೆಯ ಗಂಬಳಿಯಲ್ಲಿ 3,456 ಚದರ ಅಂಗುಲಗಳಿದ್ದು, ಒಟ್ಟು ಗಂಟುಗಳು 11 ಲಕ್ಷವನ್ನು ಮೀರುತ್ತವೆ. ನುರಿತವರೊಬ್ಬರು ದಿನಕ್ಕೆ ಏಳು ಸಾವಿರ ಗಂಟು ಹಾಕುತ್ತಾರೆಂದು ಇಟ್ಟುಕೊಂಡರೂ ಕೇವಲ ನೇಯ್ಗೆಗೆ 160 ದಿನಗಳ ದುಡಿಮೆ ಬೇಕು. ನೂಲಿಗೆ ಬಣ್ಣ ಹಾಕುವುದು, ನೇಯ್ದಾದ ಮೇಲೆ ತೊಳೆಯುವುದು, ಎಳೆದು ಕಟ್ಟಿ ಒಣಗಿಸುವುದು, ಮೇಲ್ಮೈಯನ್ನು ಕತ್ತರಿಯಿಂದ ಸಮ ಮಾಡುವುದು ಇವೆಲ್ಲವೂ ಬೇರೆಯೇ.

ಕಾಶ್ಮೀರದ ನೇಯ್ಗೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ತಾಲೀಮ್. ಅಲ್ಲಿ ನೇಕಾರರ ಎದುರಿಗೆ ಚಿತ್ರವಿರುವುದಿಲ್ಲ. ಉದ್ದನೆಯ ಕಾಗದದ ಪಟ್ಟಿಗಳ ಮೇಲೆ ಯಾವ ಬಣ್ಣದ ಎಷ್ಟು ಗಂಟು ಎಂಬುದನ್ನು ಸಂಕೇತಗಳಲ್ಲಿ ಬರೆದಿರುತ್ತಾರೆ, ಅದನ್ನು ಸಾಲುಸಾಲಾಗಿ ಓದಿಕೊಂಡು ಗಂಟು ಹಾಕುತ್ತ ಹೋಗುತ್ತಾರೆ. ಉತ್ತರ ಪ್ರದೇಶದ ಭದೋಹಿಯಲ್ಲಾದರೆ ಚೌಕಳಿ ಕಾಗದದ ಮೇಲೆ ಬಿಡಿಸಿದ ನಕ್ಷೆಯನ್ನು ನೋಡಿ ನೇಯುತ್ತಾರೆ. ಹೂವು, ಬಳ್ಳಿ, ಅಂಚುಗಳೆಲ್ಲ ಸೇರಿದ ಇಡೀ ವಿನ್ಯಾಸವನ್ನು ಎಣಿಕೆಯಾಗಿ ಪರಿವರ್ತಿಸಿ ಬರೆದಿಡುವವರ ಶ್ರಮವೂ ನೇಕಾರರ ಶ್ರಮದಷ್ಟೇ ಗೌರವಕ್ಕೆ ಅರ್ಹವಾದುದು, ಆದರೆ ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ.

ಅಗ್ಗದ ಗಂಬಳಿಯು ಬಹುಮಟ್ಟಿಗೆ ಟಫ್ಟಿಂಗ್ ವಿಧಾನದ್ದಿರಬೇಕು. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ವಿನ್ಯಾಸವನ್ನು ಬರೆದುಕೊಂಡು, ಕೈಯಲ್ಲಿ ಹಿಡಿಯುವ ಗನ್ನಿನಿಂದ ನೂಲನ್ನು ಒಳಕ್ಕೆ ಚುಚ್ಚುತ್ತ ಹೋಗಿ, ಅದು ಕಳಚದಂತೆ ಹಿಂಬದಿಗೆ ಲೇಟೆಕ್ಸ್ ಅಂಟು ಬಳಿದು ಇನ್ನೊಂದು ಬಟ್ಟೆಯನ್ನು ಹಚ್ಚುತ್ತಾರೆ. ಅಲ್ಲಿ ಗಂಟೆಂಬುದೇ ಇಲ್ಲ. ಮನುಷ್ಯರ ಕೈ ಅದರಲ್ಲೂ ದುಡಿದಿರುವುದರಿಂದ ಅಂಗಡಿಯವರ ಮಾತನ್ನು ಸುಳ್ಳೆನ್ನಲಾಗದು. ಆದರೆ ಅದು ದಿನಗಳ ಕೆಲಸವೇ ಹೊರತು ತಿಂಗಳುಗಳದ್ದಲ್ಲ.

ಕೊಳ್ಳುವ ಮುನ್ನ ಗಂಬಳಿಯನ್ನು ಮಗುಚಿ ನೋಡಿ. ಗಂಟಿನದಾದರೆ ವಿನ್ಯಾಸವು ಹಿಂಬದಿಯಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ, ಗಂಟಿನ ಸಾಲುಗಳಲ್ಲಿ ಅಲ್ಲಲ್ಲಿ ಸಣ್ಣ ಏರುಪೇರುಗಳಿರುತ್ತವೆ, ತುದಿಯ ಕುಚ್ಚು ಹಾಸು ನೂಲಿನದೇ ಮುಂದುವರಿಕೆಯಾಗಿರುತ್ತದೆ. ಹಿಂಬದಿಯನ್ನು ಬಟ್ಟೆ ಮುಚ್ಚಿದ್ದರೆ, ಕುಚ್ಚನ್ನು ಪ್ರತ್ಯೇಕವಾಗಿ ಹೊಲಿದಿದ್ದರೆ ಅದು ಗಂಟಿನದೆಂದು ನಂಬಿ ಹಣ ಕೊಡಬೇಡಿ.

ಎರಡನೆಯ ಉತ್ತರ

ಮೇಲಿನ ವಿವರಣೆ ಸಮರ್ಪಕವಾಗಿದೆ. ಆದರೆ ಕೈಯಿಂದ ನೇಯ್ದ ಹಾಸು ಎಂದೊಡನೆ ದಪ್ಪನೆಯ ರತ್ನಗಂಬಳಿಯೇ ಆಗಬೇಕೆಂದಿಲ್ಲ ಎಂಬುದನ್ನು ಧಾರವಾಡ ಜಿಲ್ಲೆಯವನಾಗಿ ಸೇರಿಸಲು ಬಯಸುತ್ತೇನೆ. ನಮ್ಮ ನವಲಗುಂದದ ಜಮಖಾನದಲ್ಲಿ ಗಂಟೂ ಇಲ್ಲ, ಮೇಲೆದ್ದ ಉಣ್ಣೆಯೂ ಇಲ್ಲ. ಹತ್ತಿಯ ಹಾಸಿನ ನಡುವೆ ಬಣ್ಣದ ಹತ್ತಿ ನೂಲನ್ನು ಬೆರಳಿನಿಂದಲೇ ಹಾಯಿಸುತ್ತಾರೆ. ಒಂದು ಬಣ್ಣದ ನೂಲು ಅಂಚಿನಿಂದ ಅಂಚಿಗೆ ಹೋಗುವುದಿಲ್ಲ. ನವಿಲಿನ ಕತ್ತು ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಂದಲೇ ಹಿಂತಿರುಗುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು ಬಣ್ಣ ಆರಂಭವಾಗುತ್ತದೆ. ಪಂಜಾದಿಂದ ಬಲವಾಗಿ ಬಡಿದು ಕೂರಿಸುವುದರಿಂದ ಹಾಸು ನೂಲು ಸಂಪೂರ್ಣ ಮುಚ್ಚಿಹೋಗುತ್ತದೆ. ನವಿಲು ಮತ್ತು ಪಗಡೆಯ ಹಾಸು ಅಲ್ಲಿನ ಪ್ರಸಿದ್ಧ ವಿನ್ಯಾಸಗಳು.

ಇದನ್ನು ನೇಯುವವರು ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳು. ಅವರ ಹಿರಿಯರು ಆದಿಲ್‌ಶಾಹಿಗಳ ಕಾಲದಲ್ಲಿ ವಿಜಯಪುರದಿಂದ ಬಂದು ನೆಲೆಸಿದರೆಂದೂ, ವಿದ್ಯೆ ಊರಿನಾಚೆಗೆ ಹೋಗಬಾರದೆಂದು ಮಗಳಿಗಿಂತ ಸೊಸೆಗೇ ಕಲಿಸುವ ರೂಢಿಯಿತ್ತೆಂದೂ ಹೇಳುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದ್ದರೂ ಇಂದು ಮಗ್ಗದ ಮುಂದೆ ಕುಳಿತುಕೊಳ್ಳುವವರು ಬೆರಳೆಣಿಕೆಯಷ್ಟು. ಯಂತ್ರದಲ್ಲಿ ತಯಾರಾದ ಜಮಖಾನಗಳು ಕಡಿಮೆ ಬೆಲೆಗೆ ರಾಶಿರಾಶಿಯಾಗಿ ದೊರೆಯುವಾಗ ಕೈನೇಯ್ಗೆಗೆ ತಕ್ಕ ಕೂಲಿ ಹುಟ್ಟುವುದು ಕಷ್ಟ. ನಮ್ಮ ಬಿಸಿಲಿನ ಊರುಗಳ ಮನೆಗಳಿಗೆ ಉಣ್ಣೆಗಿಂತ ಹತ್ತಿಯೇ ಹಿತವೆಂಬುದು ನನ್ನ ಖಚಿತ ಅಭಿಪ್ರಾಯ. ಮಗಳ ಮನೆಗೆ ಕೊಳ್ಳುವ ಮುನ್ನ ಒಮ್ಮೆ ನವಲಗುಂದಕ್ಕೂ ಹೋಗಿಬನ್ನಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಬೈಲಕುಪ್ಪೆಯ ಟಿಬೆಟನ್ನರ ಗಂಬಳಿಗಳನ್ನೂ ಪರಿಚಯದವರೊಬ್ಬರು ಸೂಚಿಸಿದ್ದಾರೆ. ಅವೂ ಗಂಟಿನವೇ?

ಮೂರನೆಯ ಉತ್ತರ

ಗಂಟಿನವೇ, ಆದರೆ ವಿಧಾನ ಬೇರೆ. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದು ನೆಲೆಸಿದ ಟಿಬೆಟನ್ನರು ತಮ್ಮೊಂದಿಗೆ ತಂದ ನೇಯ್ಗೆಯಲ್ಲಿ, ಹಾಸಿನ ಮುಂದೆ ಅಡ್ಡಲಾಗಿ ಒಂದು ಸರಳನ್ನು ಹಿಡಿದು, ಉಣ್ಣೆಯ ಎಳೆಯನ್ನು ಹಾಸಿನ ನೂಲುಗಳಿಗೂ ಸರಳಿಗೂ ಸೇರಿಸಿ ಸುತ್ತುತ್ತ ಹೋಗುತ್ತಾರೆ. ಸಾಲು ತುಂಬಿದ ಮೇಲೆ ಸರಳಿನ ಉದ್ದಕ್ಕೂ ಕತ್ತಿ ಹಾಯಿಸಿದರೆ ಸುತ್ತುಗಳೆಲ್ಲ ಕತ್ತರಿಸಿ ಉಣ್ಣೆಯ ತುದಿಗಳು ಮೇಲೇಳುತ್ತವೆ. ಒಂದೊಂದು ಗಂಟನ್ನೂ ಪ್ರತ್ಯೇಕವಾಗಿ ಕತ್ತರಿಸುವ ಅಗತ್ಯವಿಲ್ಲದ್ದರಿಂದ ಕೆಲಸ ಬೇಗ ಸಾಗುತ್ತದೆ. ಗಂಟುಗಳ ಸಾಂದ್ರತೆಯೂ ಕಾಶ್ಮೀರದ್ದಕ್ಕಿಂತ ಬಹಳ ಕಡಿಮೆ. ಚದರ ಅಂಗುಲಕ್ಕೆ 60, 80 ಅಥವಾ 100 ಗಂಟುಗಳಿರುವುದು ಸಾಮಾನ್ಯ. ಆದ್ದರಿಂದ ಸೂಕ್ಷ್ಮವಾದ ಹೂಬಳ್ಳಿಗಿಂತ ಡ್ರ್ಯಾಗನ್, ಕಮಲ, ಮೋಡಗಳಂತಹ ದೊಡ್ಡ ಆಕೃತಿಗಳು ಅದರಲ್ಲಿ ಚೆನ್ನಾಗಿ ಮೂಡುತ್ತವೆ. ಗಂಟಿನ ಉಣ್ಣೆಯ ಗಂಬಳಿಯೇ ಬೇಕು, ಆದರೆ ಕಾಶ್ಮೀರದ ಬೆಲೆ ತೆರಲಾಗದು ಎನ್ನುವವರಿಗೆ ಇದು ಸೂಕ್ತವಾದ ಆಯ್ಕೆ. ಯಾವುದನ್ನೇ ಕೊಂಡರೂ ಉಣ್ಣೆಯದ್ದಾದರೆ ವರ್ಷಗಟ್ಟಲೆ ಸುತ್ತಿ ಕಟ್ಟಿಡಬೇಡಿ, ನುಸಿ ಹಿಡಿಯುತ್ತದೆ. ಆಗಾಗ ಮಗುಚಿ ಹಾಕಿ ಹಿಂಬದಿಯ ಧೂಳನ್ನೂ ತೆಗೆಯುತ್ತಿರಲು ಮಗಳಿಗೆ ತಿಳಿಸಿ.