ಸನ್ನತಿ ಬ್ಯಾರೇಜಿನ ಹಿನ್ನೀರು: ಫಿಶ್‌ಫೈಂಡರ್ ‘ಗಟ್ಟಿ’ ಅಂತದ, ಗ್ರ್ಯಾಬ್‌ನಾಗ ಕೆಸರು ಬರ್ತದ

ಭೀಮಾದಂಡಿ (ಚಿತ್ತಾಪುರ)

ಸನ್ನತಿ ಬ್ಯಾರೇಜಿನ ಹಿಂದೆ ಭೀಮಾ ನದಿಯ ಸುಮಾರು 4 ಕಿ.ಮೀ. ಹಿನ್ನೀರಿಗೆ ತಳದ ನಕ್ಷೆ ಮಾಡಬೇಕಿದೆ. ಎಲ್ಲಿ ಫರಸಿ (ಚಪ್ಪಟೆ ಹಾಸುಗಲ್ಲು), ಎಲ್ಲಿ ಮರಳು-ಗರಸು, ಎಲ್ಲಿ ಕೆಸರು, ಯಾವುದರಲ್ಲಿ ಯಾವ ತಳಜೀವಿ ಎಷ್ಟಿವೆ ಅನ್ನುವುದು ನಕ್ಷೆಯಲ್ಲಿ ಬರಬೇಕು. ಎಂ.ಎಸ್ಸಿ. ಪ್ರಾಜೆಕ್ಟ್, ನಾಲ್ಕು ವಿದ್ಯಾರ್ಥಿಗಳು, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಮಯ.

ಕೈಯಲ್ಲಿರುವುದು: ಧ್ವನಿ ಬಿಟ್ಟು ಪ್ರತಿಧ್ವನಿಯಿಂದ ಆಳ, ತಳ ತೋರಿಸುವ 200 ಕಿಲೋಹರ್ಟ್ಸ್‌ನ ಫಿಶ್‌ಫೈಂಡರ್ (ಕಿರಣದ ಕೋನ 20 ಡಿಗ್ರಿ), ಹಗ್ಗದಲ್ಲಿ ಇಳಿಸಿ ತಳದ ಮಣ್ಣನ್ನು ದವಡೆಯಿಂದ ಕಚ್ಚಿ ತರುವ 15×15 ಸೆಂ.ಮೀ. ಎಕ್‌ಮನ್ ಗ್ರ್ಯಾಬ್, 0.5 ಮಿ.ಮೀ. ಜರಡಿ, ಮೊಬೈಲ್ ಜಿಪಿಎಸ್, ಅಂಬಿಗರ ದೋಣಿ.

ತೊಂದರೆ ಏನೆಂದರೆ, ಪರದೆಯಲ್ಲಿ ದಪ್ಪ ಗೆರೆ ಬಂದು ‘ಗಟ್ಟಿ ತಳ’ ಎಂದು ಗುರುತು ಹಾಕಿದ ಜಾಗದಲ್ಲಿ ಗ್ರ್ಯಾಬ್ ಬಿಟ್ಟರೆ ಕಪ್ಪು ಕೆಸರು ಬರುತ್ತಿದೆ. ಕೆಲವು ಕಡೆ ಅರ್ಧ ತುಂಬಿ, ಕೆಲವು ಕಡೆ ಬರೀ ನೀರು. ಒಂದೇ ಜಾಗದ ಮೇಲೆ ಎರಡು ಸಲ ಹೋದರೆ ಗೆರೆಯ ದಪ್ಪವೂ ಬೇರೆ ಬೇರೆ. ಇದರ ಮೇಲೆ ನಕ್ಷೆ ಕಟ್ಟುವುದು ಹೇಗೆ?

ಫರಸಿಕಲ್ಲ (ಶಹಾಬಾದ್)

ಸರ್, ಮೊದಲು ಮಷಿನ್ ಸರಿ ಮಾಡ್ರಿ, ಆಮ್ಯಾಲ ತಳದ ಮಾತು. ಒಂದೇ ಜಾಗಕ್ಕ ಎರಡು ಥರಾ ಗೆರಿ ಬರ್ಲಿಕತ್ತಾವಂದ್ರ ಸೆನ್ಸಿಟಿವಿಟಿ ‘ಆಟೋ’ದಾಗ ಅದ. ಅದು ನೀರಿನ ರಾಡಿ ನೋಡಿ ತಾನೇ ಏರಸ್ತದ, ಇಳಸ್ತದ. ಮ್ಯಾನ್ಯುಯಲ್‌ಗೆ ಹಾಕಿ ಒಂದೇ ಅಂಕಿ ಇಟ್ಟು, ಕಡೀ ದಿನದತನಕ ಮುಟ್ಟಬ್ಯಾಡ್ರಿ. ಆಳದ ರೇಂಜೂ ಆಟೋ ತಗೀರಿ. ಗಟ್ಟಿ ತಳದ ಖರೇ ಗುರುತು ಮೊದಲ ಗೆರಿ ದಪ್ಪ ಅಲ್ಲ, ಎರಡನೇ ಪ್ರತಿಧ್ವನಿ. ಧ್ವನಿ ತಳಕ್ಕ ಬಡದು ಮ್ಯಾಲ ಬಂದು, ನೀರಿನ ಮೈಗೆ ಬಡದು ಮತ್ತ ಕೆಳಗ ಹೋಗಿ ಬರ್ತದ. ಅದು ಸರೀ ಎರಡು ಪಟ್ಟು ಆಳದಾಗ ಕಾಣ್ತದ. 4 ಮೀಟರ್ ನೀರಿದ್ರ 8 ಮೀಟರ್‌ದಾಗ. ಆಟೋ ರೇಂಜ್ 5-6 ಮೀಟರ್‌ಗೇ ಪರದೆ ಮುಗಸಿಬಿಡ್ತದ, ಅದಕ್ಕ ನಿಮಗ ಅದು ಕಂಡೇ ಇಲ್ಲ. ರೇಂಜ್ 10 ಮೀಟರ್ ಇಡ್ರಿ.

ಈಗ ‘ಗಟ್ಟಿ’ ಅಂದಲ್ಲಿ ಕೆಸರು ಯಾಕ? ನಮ್ಮ ಕಡೆ ಎರಡು ಕಾರಣ ಅವ.

ಶಹಾಬಾದ್-ವಾಡಿ ಸುತ್ತ ಸುಣ್ಣಕಲ್ಲು ಪದರು ಪದರಾಗಿ ಚಪ್ಪಟ ಮಲಗೇದ, ಹೊಳಿ ತಳದಾಗೂ ಅದೇ ಕಲ್ಲು ಸಿಗ್ತದ. ಅದರ ಮ್ಯಾಲ ನಾಕೈದು ಸೆಂ.ಮೀ. ಎರಿಮಣ್ಣಿನ ರಾಡಿ ಕುಂತಿದ್ರ ಧ್ವನಿ ಆ ರಾಡಿ ದಾಟಿ ಕಲ್ಲಿಗೆ ಬಡದು ಬರ್ತದ. ಎಕ್‌ಮನ್ ಆ ರಾಡಿ ಅಷ್ಟೇ ಕೆರಕೊಂಡು ಮ್ಯಾಲ ಬರ್ತದ. ನಿಮ್ಮ ಅರ್ಧ ತುಂಬಿದ ಗ್ರ್ಯಾಬ್ ಹೆಚ್ಚಿನಂಶ ಇದೇ.

ಇನ್ನೊಂದು ಕೆಸರಿನಾಗಿನ ಗ್ಯಾಸು. ಗೇಟ್ ಹಾಕಿದ ಮ್ಯಾಲ ಎಲಿ, ಕಸ, ಜಲಗಿಡ ಎಲ್ಲಾ ಆಳದ ಜಾಗಕ್ಕ ಹೋಗಿ ಕೂಡ್ತದ, ಕೊಳತು ಮೀಥೇನ್ ಗುಳ್ಳಿ ಆಗ್ತಾವ. ಗುಳ್ಳಿ ತುಂಬಿದ ಕೆಸರು ಧ್ವನಿಯನ್ನ ಕಲ್ಲಿನಂಗೇ ಜೋರಾಗಿ ತಿರುಗಿಸಿ ಕಳಸ್ತದ, ಒಮ್ಮೊಮ್ಮೆ ಎರಡನೇ ಪ್ರತಿಧ್ವನಿನೂ ಕೊಡ್ತದ. ಪರದೆ ನೋಡಿ ಇವೆರಡನ್ನ ಬ್ಯಾರೆ ಮಾಡ್ಲಿಕ್ಕೆ ಆಗಂಗಿಲ್ಲ.

ಅದಕ್ಕ ಗಳ ಬೇಕು. 6 ಮೀಟರ್ ಬಿದಿರಿನ ಗಳಕ್ಕ 10 ಸೆಂ.ಮೀ.ಗೆ ಒಂದು ಬಣ್ಣದ ಪಟ್ಟಿ, ನಡುವ 2 ಸೆಂ.ಮೀ.ಗೆ ಒಂದು ಗೆರಿ ಹಾಕ್ರಿ. ಮೊದಲು ಭಾರ ಬಿಡಲಾರದಂಗ ಕೆಸರಿನ ಮೈಗೆ ತಾಗಿಸಿ ಅಳತಿ ನೋಡ್ರಿ, ಆಮ್ಯಾಲ ಒತ್ತಿ ನಿಂತಲ್ಲಿ ಮತ್ತ ನೋಡ್ರಿ. ಎರಡರ ವ್ಯತ್ಯಾಸನೇ ಕೆಸರಿನ ದಪ್ಪ. ಕಲ್ಲಾದ್ರ ಕೈಗೆ ಠಣ್ ಅಂತ ಗೊತ್ತಾಗ್ತದ, ಗರಸಾದ್ರ ಕರಕರ ಅಂತದ, ಗ್ಯಾಸ್ ಇದ್ರ ಗಳ ಕಿತ್ತಕೂಡಲೇ ಬುಳುಬುಳು ಗುಳ್ಳಿ ಏಳ್ತಾವ. ಒಂದು ಜಾಗಕ್ಕ ಎರಡು ನಿಮಿಷ ಸಾಕು. ರೊಕ್ಕದ ಮಷಿನ್ ಹೇಳಲಾರದ್ದು ಈ ಗಳ ಹೇಳ್ತದ.

ನಕ್ಷೆದಾಗ ‘ಫರಸಿ ಮ್ಯಾಲ ತೆಳು ಕೆಸರು’ ಅನ್ನೋದನ್ನ ಬ್ಯಾರೆನೇ ವರ್ಗ ಮಾಡ್ರಿ, ಗಟ್ಟಿಗೂ ಸೇರಿಸಬ್ಯಾಡ್ರಿ, ಕೆಸರಿಗೂ ಸೇರಿಸಬ್ಯಾಡ್ರಿ. ಆಳಕ್ಕ ಕೊರದು ಹೋಗೋ ಹುಳಕ್ಕ ಅಲ್ಲಿ ಜಾಗ ಇಲ್ಲ, ಕಲ್ಲಿಗೆ ಅಂಟೋ ಹುಳಕ್ಕ ಕಲ್ಲು ಸಿಗಂಗಿಲ್ಲ. 2 ಸೆಂ.ಮೀ. ಒಳಗ ಫರಸಿ, 2ರಿಂದ 10 ತೆಳು ಕೆಸರು, 10ರ ಮ್ಯಾಲ ಆಳ ಕೆಸರು ಅಂತ ಇಟ್ಕೋರಿ. ಮರಳು-ಗರಸು ನಾಕನೇದು.

ಅಳಿವೆ_ಕುಮಟಾ

ಮೇಲಿನವರ ಗಳದ ಮಾತಿಗೆ ನನ್ನದೂ ಸಹಮತ. ಅಘನಾಶಿನಿ ಅಳಿವೆಯಲ್ಲಿ ಬಳಚು ಇರುವ ತಳ, ಮರಳು ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಅಂಚಿನ ಕೆಸರು ಇವನ್ನು ಗುರುತಿಸುವ ಕೆಲಸಕ್ಕೂ ನಿಮ್ಮದಕ್ಕೂ ಕ್ರಮ ಒಂದೇ. ವ್ಯತ್ಯಾಸ ಇರುವಲ್ಲಿ ಮಾತ್ರ ಹೇಳುತ್ತೇನೆ.

ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹಾಗಾಗಿ ಫಿಶ್‌ಫೈಂಡರ್ ತೋರಿಸಿದ ಆಳವನ್ನು ಹಾಗೇ ಬರೆದುಕೊಳ್ಳುವ ಹಾಗಿಲ್ಲ, ಆ ಹೊತ್ತಿನ ನೀರಿನ ಮಟ್ಟ ಕಳೆಯಬೇಕು. ನಿಮ್ಮಲ್ಲಿ ಭರತ-ಇಳಿತ ಇಲ್ಲವೆಂದು ಇದನ್ನು ಬಿಡಬೇಡಿ. ಗೇಟಿನ ಕೆಲಸ, ಮೇಲಿನಿಂದ ಬಿಟ್ಟ ನೀರು, ಪಂಪ್‌ಸೆಟ್ಟು ಎಲ್ಲ ಸೇರಿ ಮೂರು ತಿಂಗಳಲ್ಲಿ ಮಟ್ಟ ಎಷ್ಟೋ ಬದಲಾಗುತ್ತದೆ. ದಡದಲ್ಲಿ ಅಲುಗಾಡದ ಒಂದು ಕಲ್ಲಿಗೆ ಅಳತೆ ಪಟ್ಟಿ ಬರೆದು, ದೋಣಿ ಹೊರಡುವಾಗ ಮತ್ತು ಮರಳಿದಾಗ ಓದಿಕೊಳ್ಳಿ. ಎಲ್ಲ ಆಳವನ್ನೂ ಒಂದೇ ಮಟ್ಟಕ್ಕೆ ತನ್ನಿ. ಟ್ರಾನ್ಸ್‌ಡ್ಯೂಸರ್ (ಫಿಶ್‌ಫೈಂಡರ್‌ನ ಧ್ವನಿ ಬಿಡುವ ಭಾಗ) ನೀರೊಳಗೆ ಎಷ್ಟು ಮುಳುಗಿದೆಯೋ ಅದನ್ನು ಕೂಡಿಸಲು ಎಲ್ಲರೂ ಮರೆಯುತ್ತಾರೆ. ನೀರಿನ ಉಷ್ಣತೆಗೆ ತಕ್ಕ ಧ್ವನಿವೇಗದ ತಿದ್ದುಪಡಿ ನಿಮ್ಮ ಆಳಕ್ಕೆ ಬೇಕಿಲ್ಲ, 5 ಮೀಟರಿಗೆ ಆರೇಳು ಸೆಂ.ಮೀ. ಮೀರುವುದಿಲ್ಲ.

ಸಾಲುಗಳನ್ನು ನದಿಗೆ ಅಡ್ಡವಾಗಿ 100 ಮೀಟರಿಗೊಂದರಂತೆ ಹಾಕಿ, ವೇಗ ಗಂಟೆಗೆ 4-5 ಕಿ.ಮೀ. ದಾಟದಿರಲಿ. ಕೊನೆಗೆ ನದಿಯುದ್ದಕ್ಕೆ ಒಂದು ಸಾಲು ಹೋಗಿ. ಅದು ಅಡ್ಡಸಾಲುಗಳನ್ನು ಕತ್ತರಿಸುವಲ್ಲಿ ಎರಡು ಆಳಗಳು 15 ಸೆಂ.ಮೀ. ಒಳಗೆ ಹೊಂದದಿದ್ದರೆ ಮಟ್ಟದ ಲೆಕ್ಕದಲ್ಲೋ ಜಿಪಿಎಸ್‌ನಲ್ಲೋ ತಪ್ಪಿದೆ ಎಂದರ್ಥ. 20 ಡಿಗ್ರಿ ಕಿರಣ 5 ಮೀಟರ್ ಆಳದಲ್ಲಿ ಸುಮಾರು 1.8 ಮೀಟರ್ ಅಗಲದ ವೃತ್ತವನ್ನು ನೋಡುತ್ತದೆ. ಮೊಬೈಲಿನ 5 ಮೀಟರ್ ತಪ್ಪು, ದೋಣಿ ತೇಲುವುದು ಎಲ್ಲ ಸೇರಿಸಿದರೆ 20 ಮೀಟರಿಗಿಂತ ಚಿಕ್ಕ ತುಣುಕನ್ನು ನಕ್ಷೆಯಲ್ಲಿ ಬರೆಯುವುದು ನಿಮ್ಮನ್ನು ನೀವೇ ಮೋಸ ಮಾಡಿಕೊಂಡ ಹಾಗೆ.

ಅಳಿವೆಯಲ್ಲಿ ಯಾವ ಜೀವಿ ಎಲ್ಲಿ ಎನ್ನುವುದನ್ನು ಮೊದಲು ಉಪ್ಪಿನಂಶ ನಿರ್ಧರಿಸುತ್ತದೆ. ನಿಮ್ಮಲ್ಲಿ ಆ ಜಾಗದಲ್ಲಿ ತಳದ ಆಮ್ಲಜನಕ ಮತ್ತು ಬೇಸಿಗೆಯಲ್ಲಿ ಒಣಗುವ ಅಂಚು ಇವೆ. ತಳದಿಂದ ಅರ್ಧ ಮೀಟರ್ ಮೇಲಿನ ನೀರನ್ನು ಬೆಳಗಿನ ಜಾವ ತೆಗೆದು ಆಮ್ಲಜನಕ ನೋಡಿ, ಮಧ್ಯಾಹ್ನದ ಅಂಕಿ ಚಂದ ಕಾಣುತ್ತದೆ ಅಷ್ಟೇ. ಪ್ರತಿ ವರ್ಷ ನೀರಿಳಿದು ಬಯಲಾಗುವ ಪಟ್ಟಿಯನ್ನು ಬೇರೆ ವಲಯವಾಗಿ ಇಟ್ಟುಕೊಳ್ಳಿ.

ಭೀಮಾದಂಡಿ (ಚಿತ್ತಾಪುರ)

ಸೆನ್ಸಿಟಿವಿಟಿ, ರೇಂಜ್ ಎರಡೂ ಆಟೋದಲ್ಲೇ ಇದ್ದವು. ಸರಿಪಡಿಸಿದ ಮೇಲೆ ಎರಡನೇ ಪ್ರತಿಧ್ವನಿ ಸ್ಪಷ್ಟವಾಗಿ ಬರುತ್ತಿದೆ. ಗಳ ಚುಚ್ಚಿ ನೋಡಿದಾಗ ‘ಗಟ್ಟಿ’ ಎಂದು ಬರೆದಿದ್ದ 20 ಜಾಗಗಳಲ್ಲಿ 11 ತೆಳು ಕೆಸರು, 4 ಗ್ಯಾಸು, 5 ಮಾತ್ರ ಬರೀ ಫರಸಿ.

ಎರಡು ಪ್ರಶ್ನೆ ಉಳಿದಿವೆ. ಫರಸಿಯ ಮೇಲೆ ಎಕ್‌ಮನ್ ಬಾಯಿ ಕಚ್ಚುವುದಿಲ್ಲ, ಅಲ್ಲಿನ ಜೀವಿಗಳನ್ನು ಎಣಿಸುವುದು ಹೇಗೆ? ಮತ್ತೆ, ಎರೆಮಣ್ಣಿನ ಉಂಡೆಗಳು ಜರಡಿಯಲ್ಲಿ ಒಡೆಯುವುದೇ ಇಲ್ಲ. ಕೈಯಿಂದ ತಿಕ್ಕಿದರೆ ಹುಳು ತುಂಡಾಗುತ್ತಿವೆ.

ಜರಡಿ_ಬಕೆಟ್ (ಕಲಬುರಗಿ)

ಉಂಡೆಗಳನ್ನು ತಿಕ್ಕಬೇಡಿ, ಪೈಪಿನ ನೀರೂ ಜೋರಾಗಿ ಬಿಡಬೇಡಿ. ಮಾದರಿಯನ್ನು ಬಕೆಟ್ಟಿಗೆ ಹಾಕಿ, ಮೂರು ಪಟ್ಟು ನದಿನೀರು ಸುರಿದು ಅರ್ಧ ತಾಸು ಬಿಡಿ. ಎರೆಮಣ್ಣು ನೀರು ಕುಡಿದು ಉಬ್ಬಿ ತಾನೇ ಸಡಿಲಾಗುತ್ತದೆ. ಆಮೇಲೆ ಕೈಯಿಂದ ಮೆಲ್ಲಗೆ ಸುತ್ತಿಸಿ, ಮೇಲಿನ ರಾಡಿನೀರನ್ನಷ್ಟೇ ಜರಡಿಗೆ ಬಗ್ಗಿಸಿ. ಮತ್ತೆ ನೀರು, ಮತ್ತೆ ಬಗ್ಗಿಸುವುದು, ಐದಾರು ಸಲ. ಅಕ್ಕಿ ಗಾಳಿಸಿದ ಹಾಗೆಯೇ, ಒಂದೇ ವ್ಯತ್ಯಾಸ: ಇಲ್ಲಿ ತಳದಲ್ಲಿ ಉಳಿದ ಹರಳನ್ನು ಚೆಲ್ಲುವಂತಿಲ್ಲ. ಬಸವನಹುಳು, ಕಪ್ಪೆಚಿಪ್ಪು ಭಾರವಿರುವುದರಿಂದ ಅಲ್ಲೇ ಕೂತಿರುತ್ತವೆ. ಕೊನೆಗೆ ಅದನ್ನೂ ಜರಡಿಗೆ ಸುರಿಯಿರಿ. ಎರೆಮಣ್ಣಿನ ಸುಣ್ಣದ ಗಂಟುಗಳು ಚಿಕ್ಕ ಶಂಖದ ಹಾಗೆ ಕಂಡು ಹೊಸಬರು ಎಣಿಸಿಬಿಡುತ್ತಾರೆ, ಲೆನ್ಸ್ ಹಿಡಿಯಿರಿ.

ಯಾವ ಗ್ರ್ಯಾಬ್ ಎಣಿಕೆಗೆ ಸೇರಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಬಾಯಿ ಪೂರ್ತಿ ಮುಚ್ಚಿರಬೇಕು, ಮೇಲಿನ ನೀರು ತಿಳಿಯಾಗಿರಬೇಕು. ಆಳ ಕೆಸರಿನ ವರ್ಗದಲ್ಲಿ ಒಳಗೆ ಕನಿಷ್ಠ 7-8 ಸೆಂ.ಮೀ. ಕೆಸರಿರಬೇಕು. ದವಡೆಯ ನಡುವೆ ಬಳ್ಳಾರಿ ಜಾಲಿಯ ಕಡ್ಡಿಯೋ ಚಿಪ್ಪೋ ಸಿಕ್ಕಿದ್ದರೆ ಮೇಲೆತ್ತುವಾಗ ಅರ್ಧ ಸೋರಿರುತ್ತದೆ. ಅದನ್ನು ದೋಣಿಯ ಇನ್ನೊಂದು ಬದಿಗೆ ಚೆಲ್ಲಿ, ಮತ್ತೆ ಬಿಡಿ. ಹಗ್ಗ ಓರೆ ಇದ್ದಾಗ ಮೆಸೆಂಜರ್ ತೂಕ (ಹಗ್ಗದ ಮೇಲೆ ಜಾರಿ ಹೋಗಿ ದವಡೆ ಮುಚ್ಚಿಸುವ ತೂಕ) ಬಿಟ್ಟರೆ ಗ್ರ್ಯಾಬ್ ಮಗುಚಿ ಮುಚ್ಚುತ್ತದೆ. ನಿಮ್ಮ ‘ಬರೀ ನೀರು’ ಬಂದವುಗಳಲ್ಲಿ ಕೆಲವು ಇದೇ ಇರಬಹುದು. ದೋಣಿಗೆ ಎರಡು ಲಂಗರು ಹಾಕಿ.

ಒಂದು ಜಾಗಕ್ಕೆ ಮೂರು ಗ್ರ್ಯಾಬ್, ಒಂದು ವರ್ಗಕ್ಕೆ ಐದು ಜಾಗ. ಎಕ್‌ಮನ್ ಹಿಡಿಯುವ ಮೂರು ವರ್ಗಕ್ಕೆ 45 ಮಾದರಿ ಆಯಿತು. ಗರಸಿನಲ್ಲಿ ಇದರ ದವಡೆ ಪದೇ ಪದೇ ಸಿಕ್ಕಿಕೊಳ್ಳುತ್ತದೆ, ಭಾರದ ವ್ಯಾನ್‌ವೀನ್ ಗ್ರ್ಯಾಬ್ ಯಾರಲ್ಲಾದರೂ ಸಿಕ್ಕರೆ ಅಲ್ಲಿಗೆ ಅದೇ ವಾಸಿ. ಒಂದು ಮಾದರಿ ಹೆಕ್ಕಲು ಎರಡು ತಾಸು ಹಿಡಿಯಿರಿ, ಅದಕ್ಕೇ ಇದಕ್ಕಿಂತ ಹೆಚ್ಚು ಬೇಡ. ಮೂರು ಗ್ರ್ಯಾಬ್ ಸೇರಿ 0.0675 ಚದರ ಮೀಟರ್. 37 ಹುಳು ಸಿಕ್ಕರೆ ಚದರ ಮೀಟರಿಗೆ ಸುಮಾರು 548.

ಫಾರ್ಮಲಿನ್: ಅಂಗಡಿಯದು ಒಂದು ಭಾಗ, ನೀರು ಒಂಬತ್ತು ಭಾಗ. ಮಾದರಿ ಅರ್ಧ ಡಬ್ಬಿ ಮೀರಬಾರದು, ಅದರಲ್ಲಿರುವ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ, ಇಲ್ಲದಿದ್ದರೆ ದ್ರಾವಣ ತೆಳುವಾಗಿ ಹುಳು ಕೊಳೆಯುತ್ತವೆ. ಸ್ವಲ್ಪ ಬೊರಾಕ್ಸ್ ಬೆರೆಸಿ. ಹುಳಿಯಾದ ಫಾರ್ಮಲಿನ್ ಚಿಪ್ಪನ್ನು ತಿಂದು ಹಾಕಿದರೆ ಮೆಲನಾಯ್ಡಿಸ್ ಬಸವನಹುಳುವಿನ ಚಿಪ್ಪಿನ ಮೇಲಿನ ಗೆರೆಗಳೇ ಕಾಣುವುದಿಲ್ಲ. ರೋಸ್ ಬೆಂಗಾಲ್ ಒಂದು ಚಿಟಿಕೆ ಹಾಕಿದರೆ ಹುಳು ಗುಲಾಬಿಯಾಗಿ ಕಣ್ಣಿಗೆ ಬೀಳುತ್ತವೆ. ಆದರೆ ಕೆಂಪು ಕೈರಾನಮಿಡ್ (ಸೊಳ್ಳೆಯಂಥ, ಕಚ್ಚದ ಕೀಟ) ಮರಿಗಳ ಸಹಜ ಬಣ್ಣವನ್ನು ಬಣ್ಣ ಹಾಕುವ ಮೊದಲೇ ಬರೆದುಕೊಳ್ಳಿ. ಖಾಲಿ ಚಿಪ್ಪನ್ನು ಎಣಿಸಬೇಡಿ. ಬಾಲದಲ್ಲಿ ಜುಟ್ಟಿನಂಥ ಕಿವಿರುಗಳಿರುವ ಉದ್ದ ಹುಳು ಸಿಕ್ಕರೆ ಅದು ಬ್ರಾಂಕಿಯೂರಾ. ಆಳ ಕೆಸರಲ್ಲಿ ಬೇರೆ ಟ್ಯೂಬಿಫಿಸಿಡ್‌ಗಳ (ಕೆಸರಿನ ಎಳೆಯಂಥ ಹುಳುಗಳ) ಜತೆ ಸಿಗುತ್ತದೆ, ಬಾಲ ತುಂಡಾದರೆ ಗುರುತು ಹೋಯಿತು.

ಫರಸಿಗೆ ನಿಮ್ಮೂರಿನ ಸಾಮಾನೇ ಸಾಕು. ಪಾಲಿಶ್ ಇಲ್ಲದ ಶಹಾಬಾದ್ ಕಲ್ಲಿನ 15×15 ಸೆಂ.ಮೀ. ತುಂಡುಗಳನ್ನು ನೈಲಾನ್ ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸಿ, ಐದು ವಾರ ಬಿಡಿ. ಬಲೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹಗ್ಗ ಕತ್ತರಿಸುತ್ತಾರೆ. ಎತ್ತುವಾಗ ಕಲ್ಲು ನೀರಿನಿಂದ ಹೊರಬರುವ ಮೊದಲೇ ಕೆಳಗೆ ಕೈಬಲೆ ಹಿಡಿಯಿರಿ, ಮೇಫ್ಲೈ ಕೀಟದ ಮರಿಗಳು ಆ ಕ್ಷಣದಲ್ಲೇ ಜಾರುತ್ತವೆ. ಮೊಳಕಾಲುದ್ದ ನೀರಿನಲ್ಲಾದರೆ 25×25 ಸೆಂ.ಮೀ. ಚೌಕಟ್ಟು ಇಟ್ಟು ಬ್ರಷ್‌ನಿಂದ ಕೆರೆದರಾಯಿತು. ಮೊಸಳೆ ಇವೆಯೇ ಎಂದು ಅಂಬಿಗರನ್ನು ಕೇಳದೆ ಇಳಿಯಬೇಡಿ.

ಭೀಮಾದಂಡಿ (ಚಿತ್ತಾಪುರ)

ಕಲ್ಲಿನ ತುಂಡಿನ ಅಂಕಿ, ಗ್ರ್ಯಾಬಿನ ಅಂಕಿ ಎರಡನ್ನೂ ಒಂದೇ ಬಣ್ಣದ ಅಳತೆಯಲ್ಲಿ ನಕ್ಷೆಗೆ ಹಾಕಬಹುದೇ?

ಜರಡಿ_ಬಕೆಟ್ (ಕಲಬುರಗಿ)

ಬೇಡ. ಬರಿದಾದ ಹೊಸ ಕಲ್ಲಿಗೆ ಐದು ವಾರದಲ್ಲಿ ಬಂದು ಸೇರಿದವು ಬೇರೆ, ಕೆಸರಿನಲ್ಲಿ ಮೊದಲಿಂದ ಬದುಕಿರುವವು ಬೇರೆ. ಯಾವ ಜಾತಿ ಇದೆ, ಇಲ್ಲ ಎನ್ನುವುದನ್ನು ಒಟ್ಟಿಗೆ ತೋರಿಸಿ, ಸಂಖ್ಯೆಗೆ ಎರಡು ನಕ್ಷೆ ಮಾಡಿ.

ಅಳಿವೆ_ಕುಮಟಾ

ಕ್ಯೂಜಿಐಎಸ್‌ಗೆ (ನಕ್ಷೆ ಮಾಡುವ ಸಾಫ್ಟ್‌ವೇರ್) ಹಾಕುವ ಮೊದಲು ಒಂದು ಮಾತು. ಫಿಶ್‌ಫೈಂಡರ್‌ಗಳು ಹೆಚ್ಚಾಗಿ ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುತ್ತವೆ. 16 ಡಿಗ್ರಿ 50.500 ನಿಮಿಷವನ್ನು 16.505 ಎಂದು ಟೈಪ್ ಮಾಡಿದರೆ ನಿಮ್ಮ ಬಿಂದು 37 ಕಿ.ಮೀ. ದಕ್ಷಿಣಕ್ಕೆ ಹೋಗಿ ಕೂರುತ್ತದೆ. ಸರಿಯಾದದ್ದು 16.8417. ಪ್ರೊಜೆಕ್ಷನ್ (ಭೂಮಿಯ ಮೈಯನ್ನು ಚಪ್ಪಟೆ ನಕ್ಷೆಗೆ ತರುವ ಕ್ರಮ) ಯುಟಿಎಂ ವಲಯ 43 ಉತ್ತರ. ಆಳವನ್ನು ಸಾಲುಗಳ ನಡುವೆ ಇಂಟರ್‌ಪೊಲೇಟ್ ಮಾಡಬಹುದು (ಅಕ್ಕಪಕ್ಕದ ಅಳತೆಗಳಿಂದ ನಡುವಿನದನ್ನು ಅಂದಾಜಿಸಬಹುದು), ತಳದ ವರ್ಗವನ್ನು ಮಾಡಬೇಡಿ: ಫರಸಿಗೂ ಕೆಸರಿಗೂ ಸರಾಸರಿ ಎಂಬುದಿಲ್ಲ. ಗಳ ಚುಚ್ಚಿದ ಜಾಗಗಳಲ್ಲಿ ಮೂರರಲ್ಲಿ ಒಂದನ್ನು ನಕ್ಷೆ ಬರೆಯುವಾಗ ಮುಚ್ಚಿಟ್ಟು, ಮುಗಿದ ಮೇಲೆ ತೆರೆದು ಎಷ್ಟು ಹೊಂದಿತು ನೋಡಿ. ಸಾಲು ಹೋಗದ ಜಾಗ ಬಿಳಿಯಾಗಿಯೇ ಇರಲಿ.

ಫರಸಿಕಲ್ಲ (ಶಹಾಬಾದ್)

ನಕ್ಷೆ ಮ್ಯಾಲ ತಿಂಗಳು, ವರ್ಷ, ಗೇಟ್ ಹಾಕಿತ್ತೋ ತಗದಿತ್ತೋ ಬರೀರಿ ಸರ್. ಮಳಿಗಾಲದಾಗ ಗೇಟ್ ತಗದು ಹೊಳಿ ಬಂತಂದ್ರ ಆ ತೆಳು ಕೆಸರೆಲ್ಲಾ ಕೊಚ್ಚಿಕೊಂಡು ಹೋಗಿ ಬರೀ ಫರಸಿ ಉಳಿತದ.